ಕೆಟಗರಿಯೊಳಗೆ ಕೆಟಗರಿ: ಎಳೆದು ಬಿಟ್ಟದ್ದು ಎಲ್ಲಿ ಬಿತ್ತು?

ಪ್ರಶ್ನೆ: ನಾನು ಸಣ್ಣ ಸಾಫ್ಟ್‌ವೇರ್ ತಂಡವೊಂದರಲ್ಲಿ ಡೆವಲಪರ್. ಯಂತ್ರಗಳ ಬಿಡಿಭಾಗ ಮಾರುವ ವೆಬ್‌ಸೈಟಿಗೆ ಅಡ್ಮಿನ್ ಪೇಜ್ ಮಾಡಿದ್ದೇವೆ. ಸುಮಾರು 900 ಕೆಟಗರಿಗಳಿವೆ, ಕೆಲವು ಕಡೆ ಐದು ಹಂತದಷ್ಟು ಆಳ. ಎಡಗಡೆ ಟ್ರೀ (ಒಂದರೊಳಗೊಂದು ತೆರೆದುಕೊಳ್ಳುವ ಕೆಟಗರಿ ಪಟ್ಟಿ) ಹಾಕಿ, ಎಳೆದು ಬಿಟ್ಟರೆ ಜಾಗ ಬದಲಾಗುವ ಹಾಗೆ ಮಾಡಿದೆ. ಡೆಮೋದಲ್ಲಿ ಎಲ್ಲರಿಗೂ ಇಷ್ಟವಾಯಿತು. ಬಳಕೆಗೆ ಬಂದ ಮೇಲೆ ತಾಪತ್ರಯ ಶುರುವಾಯಿತು. ಒಬ್ಬರು ‘ಬೇರಿಂಗ್’ ಕೆಟಗರಿಯನ್ನು ಒಂದು ಸಾಲು ಕೆಳಗೆ ಸರಿಸಲು ಹೋಗಿ ಪಕ್ಕದ ‘ಹಳೆಯ ಸ್ಟಾಕ್’ ಒಳಗೆ ಬೀಳಿಸಿದ್ದಾರೆ. ‘ಹಳೆಯ ಸ್ಟಾಕ್’ ಸೈಟಿನಲ್ಲಿ ಕಾಣದ ಹಾಗೆ ಅಡಗಿಸಿಟ್ಟ ಕೆಟಗರಿ. ಬೇರಿಂಗ್‌ಗಳೆಲ್ಲ ಸೈಟಿನಿಂದ ಮಾಯ. ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಈಗ ಮ್ಯಾನೇಜರ್ ‘ಮೂರು ಹಂತಕ್ಕಿಂತ ಜಾಸ್ತಿ ಬೇಡ, ಪ್ರತಿ ಬದಲಾವಣೆಗೂ ಕನ್ಫರ್ಮ್ ಕೇಳಿ’ ಅನ್ನುತ್ತಿದ್ದಾರೆ. ಇದು ಸರಿಯಾ? ಡ್ರ್ಯಾಗ್ ತೆಗೆದೇ ಹಾಕಬೇಕಾ? ಫೋನಿನಲ್ಲಂತೂ ಅದು ಸರಿಯಾಗಿ ನಡೆಯುವುದೇ ಇಲ್ಲ. ಡಿಲೀಟ್ ಬಟನ್ ಇನ್ನೂ ಮಾಡಿಲ್ಲ, ಹೆದರಿಕೆ.

ಉತ್ತರ: ಡಿಲೀಟ್ ಮಾಡದೆ ಬಿಟ್ಟದ್ದು ಒಳ್ಳೆಯದಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಕೇಳಿರುವುದು ಹಂತ, ಡ್ರ್ಯಾಗ್, ಕನ್ಫರ್ಮ್, ಫೋನು ಅಂತ ನಾಲ್ಕೈದು ವಿಷಯ. ಆದರೆ ನಿಮ್ಮನ್ನು ನಿಜಕ್ಕೂ ಕಾಡುತ್ತಿರುವುದು ಒಂದೇ: ಕೈ ಒಂಚೂರು ಜಾರಿದರೆ ಸೈಟಿನ ಒಂದು ಭಾಗವೇ ಮಾಯವಾಗುತ್ತದೆ, ಯಾರಿಗೂ ಸುಳಿವು ಸಿಗುವುದಿಲ್ಲ. ಹೀಗೆ ನೋಡಿದರೆ ನಿಮ್ಮ ಮ್ಯಾನೇಜರ್ ಹೇಳಿದ ಎರಡೂ ಮದ್ದು ಬೇರೆ ಯಾವುದೋ ಕಾಯಿಲೆಯವು. ಮೂರೇ ಹಂತ ಇದ್ದಿದ್ದರೂ ಬೇರಿಂಗ್ ಅಲ್ಲೇ ಬೀಳುತ್ತಿತ್ತು. ಕನ್ಫರ್ಮ್ ಕೇಳಿದ್ದರೂ ಆ ವ್ಯಕ್ತಿ ‘ಹೌದು’ ಒತ್ತುತ್ತಿದ್ದರು. ಒಂದು ಸಾಲು ಕೆಳಗೆ ಇಳಿಸಿದೆ ಅಂತಲೇ ಅವರು ಅಂದುಕೊಂಡಿದ್ದರಲ್ವಾ?

ಮೊದಲು ಈ ಮೂರು ಹಂತದ ಮಾತು. ಇದು ಎಲ್ಲಿಂದ ಬಂತು ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಒಂದು, ‘ಮನುಷ್ಯರಿಗೆ ಒಂದು ಸಲಕ್ಕೆ ಏಳು ವಿಷಯ ಮಾತ್ರ ನೆನಪಿರುತ್ತದೆ’ ಎಂಬುದು. ಇದರ ಮೂಲ 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಬರೆದ ಪ್ರಬಂಧ. ಅದು ಅಲ್ಪಾವಧಿಯ ನೆನಪಿನ ಬಗ್ಗೆ ಇತ್ತು. ಕಣ್ಣೆದುರೇ ಇರುವ ಪಟ್ಟಿಯನ್ನು ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ, ಓದಿದರೆ ಸಾಕು. ಹಾಗಾಗಿ ಒಂದು ಹಂತದಲ್ಲಿ 20 ಕೆಟಗರಿ ಇದ್ದರೆ ಪ್ರಳಯವೇನೂ ಆಗುವುದಿಲ್ಲ. ಇನ್ನೊಂದು, ‘ಮೂರು ಕ್ಲಿಕ್ಕಿನಲ್ಲಿ ಸಿಗದಿದ್ದರೆ ಜನ ಬಿಟ್ಟು ಹೋಗುತ್ತಾರೆ’ ಎಂಬ ನಿಯಮ. ವೆಬ್ ಬಳಕೆಯ ಸಂಶೋಧಕ ಜೋಶುವಾ ಪೋರ್ಟರ್ 2003ರಲ್ಲಿ ಇದನ್ನು ಬಳಕೆಯ ದಾಖಲೆಗಳ ಜೊತೆ ಹೋಲಿಸಿ ನೋಡಿದರು. ಕ್ಲಿಕ್ಕುಗಳ ಸಂಖ್ಯೆಗೂ ಜನರ ಬೇಸರಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ.

ಹಾಗಂತ ಆಳಕ್ಕೆ ಬೆಲೆ ಇಲ್ಲ ಅಂತಲ್ಲ. 1998ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಕೆವಿನ್ ಲಾರ್ಸನ್ ಮತ್ತು ಮೇರಿ ಚೆರ್ವಿನ್‌ಸ್ಕಿ 512 ಪುಟಗಳನ್ನು ಬೇರೆ ಬೇರೆ ರೀತಿ ಜೋಡಿಸಿ ಜನರಿಂದ ಹುಡುಕಿಸಿದರು. 8, 8, 8 ಎಂದು ಮೂರು ಹಂತ ಮಾಡಿದಾಗ ಹುಡುಕಾಟ ನಿಧಾನವಾಯಿತು. 16 ಮತ್ತು 32 ಎಂದು ಎರಡೇ ಹಂತ ಮಾಡಿದಾಗ ಬೇಗ ಸಿಕ್ಕಿತು. ಅಂದರೆ ಹಂತ ಕಡಿಮೆ ಮಾಡಿದರೆ ಹುಡುಕುವುದು ಸುಲಭವಾಗಬಹುದು, ಆದರೆ ಪಟ್ಟಿ ಅಗಲವಾಗುತ್ತದೆ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಮೂರು ಎಂಬ ಅಂಕಿಯಲ್ಲಿ ಮಾತ್ರ ಯಾವ ಮಂತ್ರವೂ ಇಲ್ಲ.

ನಿಮ್ಮ ಐದು ಹಂತ ಜಾಸ್ತಿಯಾ ಎಂದು ತಿಳಿಯಲು ನಾನಾದರೆ ಎರಡು ಕಡೆ ನೋಡುತ್ತೇನೆ. ಒಳಗೆ ಒಂದೇ ಒಂದು ಕೆಟಗರಿ ಇರುವ ಕೆಟಗರಿಗಳು ಎಷ್ಟಿವೆ? ಆ ಹಂತ ಸುಮ್ನೆ ಇದೆ, ತೆಗೆಯಬಹುದು. ಒಂದೇ ಹೆಸರು ಹತ್ತು ಕಡೆ ಬರುತ್ತದೆಯಾ? ‘ಬಾಲ್ ಬೇರಿಂಗ್’ ಒಳಗೆ ‘10 ಎಂಎಂ’, ‘12 ಎಂಎಂ’, ‘15 ಎಂಎಂ’. ‘ರೋಲರ್ ಬೇರಿಂಗ್’ ಒಳಗೆ ಮತ್ತೆ ಅದೇ ಸಾಲು. ಹೀಗಿದ್ದರೆ ಅವು ಕೆಟಗರಿಗಳೇ ಅಲ್ಲ. ಒಳವ್ಯಾಸ, ಲೋಹ, ಸೀಲ್ ಇದೆಯೋ ಇಲ್ಲವೋ ಎಂಬುದೆಲ್ಲ ಸಾಮಾನಿನ ಗುಣ. ಅವುಗಳ ಜಾಗ ಫಿಲ್ಟರ್. ನಾನು ನೋಡಿರುವ ಅತಿ ಆಳದ ಕೆಟಗರಿ ಪಟ್ಟಿಗಳಲ್ಲಿ ಹೆಚ್ಚಿನವು ಹೀಗೆ ಗುಣಗಳನ್ನು ಕೆಟಗರಿ ಮಾಡಿಕೊಂಡೇ ಬೆಳೆದಿರುತ್ತವೆ. ಅವನ್ನು ಫಿಲ್ಟರಿಗೆ ಸಾಗಿಸಿದರೆ ಹಂತ ತಾನಾಗಿ ಇಳಿಯುತ್ತದೆ, ಯಾರೂ ಮಿತಿ ಹಾಕಬೇಕಿಲ್ಲ. ಸಾಫ್ಟ್‌ವೇರಿನಲ್ಲಿ ಗಟ್ಟಿ ಮಿತಿ ಹಾಕಿದರೆ ಜನ ‘ಬೇರಿಂಗ್ - ಬಾಲ್ - ಸಣ್ಣ’ ಎಂದು ಹೆಸರಿನೊಳಗೇ ಹಂತ ತುರುಕುತ್ತಾರೆ. ಅದನ್ನು ಬಿಡಿಸುವುದು ಇನ್ನೂ ಕಷ್ಟ.

ಈಗ ಡ್ರ್ಯಾಗ್ ವಿಚಾರ. ಬೇರಿಂಗ್ ಯಾಕೆ ಹಾಗೆ ಬಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ.

ನಿಮ್ಮ ಟ್ರೀಯಲ್ಲಿ ಒಂದು ಸಾಲಿನ ಎತ್ತರ 32 ಪಿಕ್ಸೆಲ್ ಅಂದುಕೊಳ್ಳಿ. ಎಳೆದು ತಂದ ಕೆಟಗರಿಯನ್ನು ಆ ಸಾಲಿನ ಮೇಲೆ ಬಿಟ್ಟರೆ ಮೂರು ಅರ್ಥ ಬರಬಹುದು: ಇದಕ್ಕಿಂತ ಮೇಲೆ ಇಡು, ಇದಕ್ಕಿಂತ ಕೆಳಗೆ ಇಡು, ಇದರ ಒಳಗೆ ಇಡು. ಸಾಮಾನ್ಯವಾಗಿ ಮೇಲಿನ ಕಾಲು ಭಾಗಕ್ಕೆ ‘ಮೇಲೆ’, ಕೆಳಗಿನ ಕಾಲು ಭಾಗಕ್ಕೆ ‘ಕೆಳಗೆ’, ನಡುವಿನ ಅರ್ಧಕ್ಕೆ ‘ಒಳಗೆ’ ಎಂದು ಹಂಚುತ್ತಾರೆ. ಅಂದರೆ ‘ಕೆಳಗೆ’ ಎನ್ನಲು ಸಿಗುವುದು 8 ಪಿಕ್ಸೆಲ್. ಮೌಸ್ ಬಟನ್ ಬಿಡುವಾಗ ಕೈ ಒಂದೆರಡು ಪಿಕ್ಸೆಲ್ ಅಲುಗುವುದು ಮಾಮೂಲು. ಸಾಲು ಬದಲಾಯಿಸುವುದು ಸಣ್ಣ ಕೆಲಸ, ಒಳಗೆ ಹಾಕುವುದು ದೊಡ್ಡ ಕೆಲಸ. ಎರಡರ ನಡುವೆ ಇರುವ ಅಂತರ ಅಷ್ಟೇ.

ಇದರ ಮೇಲೆ ಇನ್ನೊಂದು ತೊಡಕು. ಒಂದು ಕೆಟಗರಿ ತೆರೆದಿದೆ, ಒಳಗೆ ನಾಲ್ಕು ಉಪಕೆಟಗರಿ ಕಾಣುತ್ತಿವೆ. ಕೊನೆಯ ಉಪಕೆಟಗರಿಯ ಕೆಳಗೆ ಗೆರೆ ತೋರಿಸಿದರೆ ಅದು ಐದನೆಯ ಉಪಕೆಟಗರಿಯ ಜಾಗವೋ, ಅಥವಾ ಹೊರಗೆ ಬಂದು ಪೇರೆಂಟ್‌ನ (ಇವನ್ನೆಲ್ಲ ಒಳಗಿಟ್ಟುಕೊಂಡ ಮೇಲಿನ ಕೆಟಗರಿಯ) ಪಕ್ಕದ ಜಾಗವೋ? ಎರಡೂ ಒಂದೇ ಗೆರೆ. ಮೌಸ್ ಎಡಕ್ಕೆ ಸರಿದರೆ ಒಂದು ಹಂತ ಹೊರಗೆ ಎಂದು ಕೆಲವು ಟೂಲ್‌ಗಳು ಲೆಕ್ಕ ಹಾಕುತ್ತವೆ. ಕೋಡ್ ಬರೆದವರಿಗೆ ಅದು ಗೊತ್ತಿರುತ್ತದೆ, ಬಳಸುವವರಿಗೆ ಯಾರು ಹೇಳುತ್ತಾರೆ?

ಹಾಗಾಗಿ ನನ್ನ ಸಲಹೆ: ಡ್ರ್ಯಾಗ್ ಇರಲಿ, ಆದರೆ ಅದು ಒಂದೇ ಕೆಲಸ ಮಾಡಲಿ. ಒಂದೇ ಪೇರೆಂಟ್‌ನ ಒಳಗೆ ಮೇಲೆ ಕೆಳಗೆ ಸರಿಸಲು ಮಾತ್ರ. ಬೇರೆ ಪೇರೆಂಟ್‌ಗೆ ಹೋಗಬೇಕಾದರೆ ಸಾಲಿನ ಕೊನೆಯ ಮೆನುವಿನಲ್ಲಿ ‘ಬೇರೆ ಕಡೆಗೆ ಸರಿಸಿ’ ಎಂಬ ಆಯ್ಕೆ. ಒತ್ತಿದರೆ ಒಂದು ಹುಡುಕು ಪೆಟ್ಟಿಗೆ ಬರಲಿ. ಎರಡಕ್ಷರ ಟೈಪ್ ಮಾಡಿದರೆ ಜಾಗಗಳು ಪೂರ್ತಿ ದಾರಿಯ ಸಮೇತ ಕಾಣಲಿ. 900 ಸಾಲಿನ ಟ್ರೀಯಲ್ಲಿ ತುದಿಯಿಂದ ತುದಿಗೆ ಸ್ಕ್ರೋಲ್ ಮಾಡುತ್ತ ಎಳೆಯುವುದಕ್ಕಿಂತ ಇದು ಬೇಗವೂ ಹೌದು. ಇದರ ನಷ್ಟ ಏನೆಂದರೆ ಡೆಮೋದಲ್ಲಿ ಚಪ್ಪಾಳೆ ಕಡಿಮೆ. ಶುರುವಿನಲ್ಲಿ ನೂರಾರು ಕೆಟಗರಿಗಳನ್ನು ಜೋಡಿಸುವ ಒಬ್ಬ ಅನುಭವಿಗೆ ಇದು ಕಿರಿಕಿರಿಯೂ ಆಗಬಹುದು. ಅವರಿಗೆ ಹಲವನ್ನು ಒಟ್ಟಿಗೆ ಟಿಕ್ ಮಾಡಿ ಒಮ್ಮೆಗೇ ಸರಿಸುವ ಸೌಲಭ್ಯ ಕೊಟ್ಟರೆ ಸಾಕು.

ಪೇರೆಂಟ್ ಬದಲಿಸುವ ಡ್ರ್ಯಾಗ್ ಬೇಕೇ ಬೇಕು ಅಂತ ಹಟ ಇದ್ದರೆ, ಎಳೆಯುವಾಗ ಮೌಸ್ ಜೊತೆ ಸಾಗುವ ಚೀಟಿಯ ಮೇಲೇ ‘ಬೇರಿಂಗ್, ಹಳೆಯ ಸ್ಟಾಕ್ ಒಳಗೆ’ ಅಂತ ಬರೆದು ತೋರಿಸಿ. ಬರೀ ನೀಲಿ ಗೆರೆ ಸಾಲದು. ಎಸ್ಕೇಪ್ ಕೀ ಒತ್ತಿದರೆ ಎಲ್ಲ ಮೊದಲಿನಂತಾಗಲಿ. ಮುಚ್ಚಿದ ಕೆಟಗರಿಯ ಮೇಲೆ ಮೌಸ್ ಸ್ವಲ್ಪ ಹೊತ್ತು ನಿಂತರೆ ಮಾತ್ರ ಅದು ತೆರೆಯಲಿ. ದಾಟಿ ಹೋಗುವಾಗಲೆಲ್ಲ ತೆರೆದುಕೊಂಡರೆ ಪಟ್ಟಿ ಕುಣಿಯುತ್ತದೆ, ಗುರಿ ಇಟ್ಟ ಜಾಗವೇ ಓಡಿಹೋಗುತ್ತದೆ.

ಯಾವ ದಾರಿ ಹಿಡಿದರೂ ಎಳೆಯದೆ ಮಾಡುವ ವಿಧಾನ ಒಂದು ಇರಲೇಬೇಕು. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಎಂಬ, ವೆಬ್ ಎಲ್ಲರಿಗೂ ಬಳಸಲು ಬರಬೇಕು ಎನ್ನುವ ಮಾನದಂಡದ 2.5.7ನೇ ನಿಯಮ ಇದನ್ನೇ ಹೇಳುತ್ತದೆ: ಎಳೆದು ಮಾಡುವ ಕೆಲಸವನ್ನು ಎಳೆಯದೆ, ಸುಮ್ನೆ ಒತ್ತಿಯೂ ಮಾಡಲು ಬರಬೇಕು. ಕೈ ನಡುಗುವವರಿಗೆ, ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಬಳಸುವವರಿಗೆ ಇದರ ಬೆಲೆ ಗೊತ್ತು. ಟ್ರೀ ತೆರೆಯುವ ಪುಟ್ಟ ಬಾಣದ ಗುರುತನ್ನೂ ಒಮ್ಮೆ ಅಳೆದು ನೋಡಿ. ಅದೇ ಮಾನದಂಡದ 2.5.8ನೇ ನಿಯಮ ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಉದ್ದಗಲ ಇರಬೇಕು ಎನ್ನುತ್ತದೆ. ಕೆಲವು ವಿನಾಯಿತಿಗಳಿವೆ, ಆದರೆ ಅವುಗಳ ಹಿಂದೆ ಅಡಗುವುದು ಬೇಡ.

ಅಂದ ಹಾಗೆ, ಕೈಯಿಂದ ಕ್ರಮ ಜೋಡಿಸುವ ಅಗತ್ಯ ನಿಜಕ್ಕೂ ಇದೆಯಾ? ಅಕಾರಾದಿಯಾಗಿ ಬಂದರೆ ಸಾಕು ಅಂತ ಗ್ರಾಹಕರು ಒಪ್ಪಿದರೆ ಡ್ರ್ಯಾಗ್ ಪೂರ್ತಿ ಹೋಗುತ್ತದೆ, ಅರ್ಧ ತಲೆನೋವೂ ಹೋಗುತ್ತದೆ. ಒಂದು ಮಾತು ಕೇಳಿ ನೋಡಿ.

ಡ್ರ್ಯಾಗ್ ಸರಿಪಡಿಸಿದರೂ ನಿಮ್ಮ ಸಮಸ್ಯೆಯ ಬೇರು ಉಳಿದೇ ಇರುತ್ತದೆ. ತಪ್ಪು ಆಗಿದ್ದು ಒಂದು ಕ್ಷಣದಲ್ಲಿ, ಗೊತ್ತಾಗದೆ ಉಳಿದಿದ್ದು ಎರಡು ದಿನ. ಆ ಎರಡು ದಿನಕ್ಕೆ ಕಾರಣ ಡ್ರ್ಯಾಗ್ ಅಲ್ಲ. ಪೇರೆಂಟ್ ಅಡಗಿದ್ದರೆ ಒಳಗಿನದೂ ಅಡಗುತ್ತದೆ ಎಂಬ ನಿಯಮ ಡೇಟಾಬೇಸಿನಲ್ಲಿದೆ, ಸ್ಕ್ರೀನಿನ ಮೇಲೆ ಎಲ್ಲೂ ಇಲ್ಲ. ಬೇರಿಂಗ್‌ನ ಸ್ವಂತ ಸೆಟ್ಟಿಂಗ್ ತೆರೆದರೆ ‘ಕಾಣಿಸು: ಹೌದು’ ಎಂದೇ ಇದ್ದಿರುತ್ತದೆ. ನೋಡಿದವರು ಎಲ್ಲ ಸರಿ ಇದೆ ಅಂದುಕೊಂಡು ಮುಂದೆ ಹೋಗಿರುತ್ತಾರೆ.

ಪೇರೆಂಟ್‌ನಿಂದ ಬರುವ ಪ್ರತಿ ಗುಣಕ್ಕೂ ಎರಡು ಉತ್ತರ ಇರುತ್ತದೆ: ತನ್ನದೇನು, ಒಟ್ಟು ಪರಿಣಾಮ ಏನು. ಸಾಲಿನ ಮೇಲೆ ತೋರಿಸಬೇಕಾದದ್ದು ಎರಡನೆಯದು. ‘ಸೈಟಿನಲ್ಲಿ ಕಾಣುವುದಿಲ್ಲ, ಹಳೆಯ ಸ್ಟಾಕ್ ಅಡಗಿರುವುದರಿಂದ’ ಎಂದು ಕಾರಣ ಸಮೇತ. ಬಣ್ಣ ಮಸುಕು ಮಾಡಿದರೆ ಸಾಲದು, ಮಸುಕು ಯಾಕೆ ಎಂದು ಯಾರೂ ಊಹಿಸಲಾರರು. ಸರಿಸಿದ ತಕ್ಷಣ ಬರುವ ಸಂದೇಶವೂ ಅಷ್ಟೇ. ‘ಯಶಸ್ವಿಯಾಗಿ ಉಳಿಸಲಾಗಿದೆ’ ಎಂಬ ಹಸಿರು ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ಹೀಗಿರಲಿ: ‘ಬೇರಿಂಗ್ ಈಗ ಹಳೆಯ ಸ್ಟಾಕ್ ಒಳಗಿದೆ. 214 ಸಾಮಾನುಗಳು ಇನ್ನು ಸೈಟಿನಲ್ಲಿ ಕಾಣುವುದಿಲ್ಲ. ವಾಪಸ್ ಹಾಕಿ.’ ಕೊನೆಯ ಎರಡು ಪದ ಬಟನ್. ಆ ಒಂದು ಸಾಲು ಇದ್ದಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ.

ಕನ್ಫರ್ಮ್ ಪೆಟ್ಟಿಗೆಗಿಂತ ಇದು ಯಾಕೆ ಮೇಲು ಅಂತ ನಿಮ್ಮ ಮ್ಯಾನೇಜರ್ ಕೇಳುತ್ತಾರೆ. ‘ಖಚಿತವೇ?’ ಎಂಬ ಪ್ರಶ್ನೆ ಪ್ರತಿ ಸಲ ಬಂದರೆ ಬೆರಳು ತಾನಾಗಿ ‘ಹೌದು’ ಒತ್ತಲು ಕಲಿಯುತ್ತದೆ. ಒಂದು ವಾರದ ನಂತರ ಅದನ್ನು ಯಾರೂ ಓದುವುದಿಲ್ಲ. ನಿಜವಾಗಿ ದೊಡ್ಡ ಪರಿಣಾಮ ಇದ್ದಾಗ ಮಾತ್ರ, ಅಂಕಿ ಸಮೇತ ಕೇಳಿದರೆ ಓದುತ್ತಾರೆ. ಕಾಣುತ್ತಿದ್ದ ಸಾಮಾನು ಅಡಗುವಂತಿದ್ದರೆ ಕೇಳಿ. ಇಲ್ಲದಿದ್ದರೆ ಕೇಳದೆ ಮಾಡಿ, ವಾಪಸ್ ಬರುವ ದಾರಿ ಕೊಡಿ. ಆ ದಾರಿ ಐದು ಸೆಕೆಂಡಿಗೆ ಮಾಯವಾಗುವ ಪಟ್ಟಿಯಲ್ಲಿ ಮಾತ್ರ ಇರಬಾರದು. ಯಾರು, ಯಾವಾಗ, ಎಲ್ಲಿಂದ ಎಲ್ಲಿಗೆ ಸರಿಸಿದರು ಎಂಬ ಇತಿಹಾಸ ಒಂದು ಪುಟದಲ್ಲಿರಲಿ, ಅಲ್ಲಿಂದಲೂ ವಾಪಸ್ ಹಾಕಲು ಬರಲಿ.

ಇನ್ನೊಂದು ದಾರಿ, ಬದಲಾವಣೆಗಳನ್ನೆಲ್ಲ ಡ್ರಾಫ್ಟ್ ಆಗಿ ಇಟ್ಟು ಕೊನೆಗೆ ಒಟ್ಟಿಗೆ ಪ್ರಕಟಿಸುವುದು. ದೊಡ್ಡ ಮರುಜೋಡಣೆಗೆ ಇದು ಚೆನ್ನ. ಆದರೆ ಅಪಾಯವೂ ಇದೆ: ಇಬ್ಬರು ಎರಡು ಡ್ರಾಫ್ಟ್ ಹಿಡಿದು ಕೂತರೆ ಯಾರದು ಗೆಲ್ಲಬೇಕು? ನಿಮ್ಮ ತಂಡದ ಗಾತ್ರಕ್ಕೆ ಇದು ಸದ್ಯಕ್ಕೆ ಅತಿಯಾಯಿತು.

ಸಾಲಿನ ಪಕ್ಕದ ಅಂಕಿಯ ಬಗ್ಗೆ ಒಂದು ಮಾತು. ‘ಬೇರಿಂಗ್ 12’ ಎಂದರೆ ನೇರವಾಗಿ ಅದರಲ್ಲಿರುವ ಸಾಮಾನು 12, ಉಪಕೆಟಗರಿಗಳದ್ದೂ ಸೇರಿದರೆ 214. ಯಾವುದನ್ನು ತೋರಿಸುತ್ತೀರಿ ಎಂಬುದನ್ನು ಮೊದಲೇ ತೀರ್ಮಾನಿಸಿ, ಎಲ್ಲ ಕಡೆ ಅದನ್ನೇ ಇಡಿ. ಒಟ್ಟು ಸಂಖ್ಯೆ ತೋರಿಸುವುದು ಒಳ್ಳೆಯದು. ಇಲ್ಲದಿದ್ದರೆ ‘0’ ನೋಡಿ ಖಾಲಿ ಇದೆ ಎಂದು ಯಾರೋ ಡಿಲೀಟ್ ಮಾಡುತ್ತಾರೆ.

ಈಗ ಡಿಲೀಟ್. ಕೆಟಗರಿ ಹೋದರೆ ಒಳಗಿದ್ದವು ಏನಾಗಬೇಕು ಎಂಬುದಕ್ಕೆ ಸರ್ವಸಮ್ಮತ ಉತ್ತರ ಇಲ್ಲ. ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಪೇರೆಂಟ್ ಡಿಲೀಟ್ ಮಾಡಿದರೆ ಒಳಗಿನ ಕೆಟಗರಿಗಳು ಒಂದು ಹಂತ ಮೇಲೆ ಬರುತ್ತವೆ. ಆ ಕೆಟಗರಿ ಬಿಟ್ಟು ಬೇರೆ ಯಾವುದೂ ಇಲ್ಲದ ಬರಹಗಳು ಡೀಫಾಲ್ಟ್ ಕೆಟಗರಿಗೆ ಹೋಗುತ್ತವೆ. ಫೈಲ್ ಮ್ಯಾನೇಜರ್‌ನಲ್ಲಿ ಫೋಲ್ಡರ್ ಅಳಿಸಿದರೆ ಒಳಗಿನದೆಲ್ಲ ಜೊತೆಗೇ ಹೋಗುತ್ತದೆ. ನಿಮ್ಮ ಟ್ರೀಗೆ ಹಳದಿ ಫೋಲ್ಡರ್ ಚಿತ್ರ ಹಾಕಿದ್ದರೆ ಜನ ಎರಡನೆಯದನ್ನು ನಿರೀಕ್ಷಿಸುತ್ತಾರೆ. ಒಂದು ಸಾಮಾನು ಒಂದೇ ಕಡೆ ಇರುತ್ತದೆ ಎಂದೂ ನಂಬುತ್ತಾರೆ. ನಿಮ್ಮಲ್ಲಿ ಒಂದು ಸಾಮಾನು ಎರಡು ಕೆಟಗರಿಯಲ್ಲಿ ಇರಬಹುದಾದರೆ, ಜಿಮೇಲ್‌ನಲ್ಲಿ ಒಂದೇ ಮೇಲ್‌ಗೆ ಹಲವು ಲೇಬಲ್ ಇರುವ ಹಾಗೆ, ಆ ಚಿತ್ರ ಸುಳ್ಳು ಹೇಳುತ್ತದೆ. ಇಂದೇ ತೆಗೆದುಬಿಡಿ.

ಡಿಲೀಟ್‌ಗೆ ಅತ್ಯಂತ ಸುರಕ್ಷಿತ ನಿಯಮ, ಖಾಲಿ ಇದ್ದರೆ ಮಾತ್ರ ಅಳಿಸಲು ಬಿಡುವುದು. ಕಿರಿಕಿರಿ ನಿಜ, ಆದರೆ ಏನೂ ಕಳೆಯುವುದಿಲ್ಲ. ಒಳಗಿನದನ್ನು ತಾನಾಗಿ ಮೇಲಕ್ಕೆ ತರುವುದು ಸೌಮ್ಯ ಎನಿಸುತ್ತದೆ, ಆದರೆ ದೊಡ್ಡ ಕೆಟಗರಿ ಅಳಿಸಿದರೆ ಮೇಲಿನ ಹಂತದಲ್ಲಿ ಇದ್ದಕ್ಕಿದ್ದಂತೆ 40 ಹೊಸ ಸಾಲು ಬಂದು ಸೈಟಿನ ಮೆನುವೇ ಕೆಡುತ್ತದೆ. ನನಗೆ ಹಿಡಿಸಿದ್ದು ಇದು: ಅಳಿಸುವ ಮುಂಚೆ ‘ಒಳಗಿರುವ 6 ಕೆಟಗರಿ, 214 ಸಾಮಾನು ಎಲ್ಲಿಗೆ ಹೋಗಬೇಕು?’ ಎಂದು ಕೇಳುವುದು, ಅದೇ ಹುಡುಕು ಪೆಟ್ಟಿಗೆ ಬಳಸಿ. ಒಳಗಿನದೆಲ್ಲ ಜೊತೆಗೇ ಅಳಿಸುವ ಆಯ್ಕೆಯನ್ನು ಕೊಡಲೇಬೇಡಿ. ಕೆಟಗರಿಯ ದಾರಿ ಯುಆರ್‌ಎಲ್‌ನಲ್ಲಿ (ಪುಟದ ವೆಬ್ ವಿಳಾಸದಲ್ಲಿ) ಇದ್ದರೆ ಸರಿಸಿದಾಗಲೂ ಅಳಿಸಿದಾಗಲೂ ಹಳೆಯ ಕೊಂಡಿ ಮುರಿಯುತ್ತದೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ತಾನಾಗಿ ಆಗುವಂತೆ ಬರೆಯಿರಿ.

ಸರ್ವರ್ ಕಡೆ ಒಂದು ಎಚ್ಚರಿಕೆ. ಕೆಟಗರಿಯನ್ನು ಅದರದೇ ಮೊಮ್ಮಗುವಿನ ಒಳಗೆ ಹಾಕಬಾರದು ಎಂದು ಸ್ಕ್ರೀನಿನಲ್ಲಿ ತಡೆದಿರುತ್ತೀರಿ. ಒಬ್ಬರು ‘ಪಂಪ್’ ಅನ್ನು ‘ಮೋಟಾರ್’ ಒಳಗೆ ಹಾಕುತ್ತಿರುವ ಹೊತ್ತಿಗೇ ಇನ್ನೊಬ್ಬರು ‘ಮೋಟಾರ್’ ಅನ್ನು ‘ಪಂಪ್’ ಒಳಗೆ ಹಾಕಿದರೆ? ಇಬ್ಬರ ಸ್ಕ್ರೀನಿನಲ್ಲೂ ಅದು ಸರಿಯೇ. ಎರಡೂ ಉಳಿದರೆ ಸುತ್ತು ಬೀಳುತ್ತದೆ, ಎರಡೂ ಟ್ರೀಯಿಂದ ಕಳಚಿಕೊಳ್ಳುತ್ತವೆ. ಉಳಿಸುವ ಮುಂಚೆ ಲಾಕ್ ಹಾಕಿ, ಪೇರೆಂಟ್‌ನಿಂದ ಪೇರೆಂಟ್‌ಗೆ ಮೇಲೆ ಹತ್ತುತ್ತ ಪರೀಕ್ಷಿಸಿ. ಪೇರೆಂಟ್ ಐಡಿ ಮಾತ್ರ ಇಡುವ ಸರಳ ಟೇಬಲ್ ನಿಮಗೆ ಧಾರಾಳ ಸಾಕು. ಹಂತ ಹಂತವಾಗಿ ಹೋಗಿ ಇಡೀ ಕೊಂಬೆಯನ್ನು ಒಮ್ಮೆಗೇ ತರುವ ರಿಕರ್ಸಿವ್ ಕ್ವೆರಿ, ಡೇಟಾಬೇಸ್‌ಗಳ ಪೈಕಿ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ 2009ರಿಂದ, ಮೈಎಸ್‌ಕ್ಯೂಎಲ್‌ನಲ್ಲಿ 2018ರ 8.0 ಆವೃತ್ತಿಯಿಂದ ಇದೆ. ಪ್ರತಿ ಸಾಲಿಗೂ ಎಡ, ಬಲ ಎಂದು ಎರಡು ಅಂಕಿ ಇಡುವ ನೆಸ್ಟೆಡ್ ಸೆಟ್ ಎಂಬ ವಿಧಾನದಲ್ಲಿ ಓದುವುದು ಬೇಗ, ಆದರೆ ಒಂದನ್ನು ಸರಿಸಿದರೂ ಎಷ್ಟೋ ಸಾಲುಗಳ ಅಂಕಿ ಬದಲಾಗಬೇಕು. ಪದೇ ಪದೇ ಸರಿಸುವ ಕಡೆ ಅದು ಬೇಡ. 900 ಸಾಲನ್ನು ಒಮ್ಮೆಗೇ ಲೋಡ್ ಮಾಡಿ. ತೆರೆದಾಗ ತರುತ್ತೇನೆ ಅಂತ ಹೋದರೆ ಹುಡುಕಾಟ ಅರ್ಧ ಟ್ರೀಯಲ್ಲಷ್ಟೇ ನಡೆಯುತ್ತದೆ.

ಫೋನಿನಲ್ಲಿ ಟ್ರೀ ಬಿಡಿ. ಐದು ಹಂತಕ್ಕೆ ತಲಾ 24 ಪಿಕ್ಸೆಲ್ ಒಳಸರಿಸಿದರೆ 360 ಪಿಕ್ಸೆಲ್ ಅಗಲದಲ್ಲಿ 120 ಖಾಲಿ ಜಾಗಕ್ಕೇ ಹೋಯಿತು. ಒಂದು ಸಲಕ್ಕೆ ಒಂದು ಹಂತ ತೋರಿಸಿ, ಒತ್ತಿದರೆ ಒಳಗೆ ಹೋಗಲಿ, ಬಂದ ದಾರಿ ಸ್ಕ್ರೀನಿನ ಮೇಲ್ಭಾಗದಲ್ಲಿ ಕಾಣಲಿ. ಸರಿಸಲು ಅದೇ ಮೆನು. ಕಂಪ್ಯೂಟರಿನಲ್ಲಿ ಮ್ಯಾಕ್‌ನ ಫೈಲ್ ಮ್ಯಾನೇಜರ್ ಫೈಂಡರ್ ತರಹ, ಹಂತಕ್ಕೊಂದರಂತೆ ಕಾಲಂಗಳೂ ಒಂದು ಆಯ್ಕೆ. ಆಳ ಚೆನ್ನಾಗಿ ಕಾಣುತ್ತದೆ, ಆದರೆ ದೂರದ ಎರಡು ಕೊಂಬೆಗಳನ್ನು ಪಕ್ಕಪಕ್ಕ ನೋಡಲಾಗುವುದಿಲ್ಲ. ಟ್ರೀಯನ್ನೇ ಉಳಿಸಿಕೊಂಡರೆ ಕೀಬೋರ್ಡ್ ನೆನಪಿರಲಿ: ಬಲ ಬಾಣ ತೆರೆಯಬೇಕು, ಎಡ ಬಾಣ ಮುಚ್ಚಬೇಕು ಅಥವಾ ಪೇರೆಂಟ್‌ಗೆ ಹೋಗಬೇಕು. ಇಷ್ಟು ಮಾಡಲು ಸಮಯ ಇಲ್ಲದಿದ್ದರೆ ಸ್ಕ್ರೀನ್ ಓದಿ ಹೇಳುವ ತಂತ್ರಾಂಶಕ್ಕೆ (ಸ್ಕ್ರೀನ್ ರೀಡರ್) ಇದು ಏನೆಂದು ತಿಳಿಸುವ ಎಆರ್‌ಐಎ ಗುರುತಿನಲ್ಲಿ ‘ಟ್ರೀ’ ಎಂದು ಘೋಷಿಸಲೇಬೇಡಿ. ಬಟನ್ ಇರುವ ಸಾದಾ ಪಟ್ಟಿ ಸ್ಕ್ರೀನ್ ರೀಡರ್ ಬಳಸುವವರಿಗೆ ಅರೆಬರೆ ಟ್ರೀಗಿಂತ ಎಷ್ಟೋ ವಾಸಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಕೆಟಗರಿ ಜೋಡಿಸುವವರು ಅಪರೂಪಕ್ಕೆ ಬರುತ್ತಾರೆ. ಸಾಮಾನು ಸೇರಿಸುತ್ತ ಕೆಟಗರಿ ಆರಿಸುವವರು ದಿನವಿಡೀ ಕೂತಿರುತ್ತಾರೆ. ಅವರಿಗೂ ಅದೇ ಟ್ರೀ ಕೊಟ್ಟಿದ್ದೀರಾ? ಅಥವಾ 900 ಸಾಲಿನ ಡ್ರಾಪ್‌ಡೌನಾ? ಡ್ರಾಪ್‌ಡೌನ್ ಮಾಡುವ ಎಚ್‌ಟಿಎಂಎಲ್ ಸೆಲೆಕ್ಟ್‌ನಲ್ಲಿ, ಹಂತ ತೋರಿಸಲು ಹೆಸರಿನ ಶುರುವಿಗೆ ಹಾಕಿದ ಸ್ಪೇಸ್ ಉಳಿಯುವುದಿಲ್ಲ. ಆಯ್ಕೆಗಳನ್ನು ಗುಂಪು ಮಾಡುವ ಆಪ್ಟ್‌ಗ್ರೂಪ್ ಒಂದೇ ಹಂತ, ಅದರೊಳಗೆ ಇನ್ನೊಂದು ಹಾಕುವಂತಿಲ್ಲ. ಆರು ಕಡೆ ‘ಇತರೆ’ ಎಂದಿದ್ದರೆ ಯಾವ ‘ಇತರೆ’ ಅಂತ ಹೇಗೆ ತಿಳಿಯಬೇಕು? ಅವರಿಗೆ ಬೇಕಾದದ್ದು ಟೈಪ್ ಮಾಡಿ ಹುಡುಕುವ ಪೆಟ್ಟಿಗೆ, ಪ್ರತಿ ಉತ್ತರದಲ್ಲೂ ‘ಬೇರಿಂಗ್ › ರೋಲರ್ › ಇತರೆ’ ಎಂದು ಪೂರ್ತಿ ದಾರಿ, ಮೇಲೆ ಇತ್ತೀಚೆಗೆ ಬಳಸಿದ ನಾಲ್ಕೈದು. ವರ್ಡ್‌ಪ್ರೆಸ್‌ನ ಕ್ಲಾಸಿಕ್ ಎಡಿಟರ್ ಟಿಕ್ ಮಾಡಿದ ಕೆಟಗರಿಗಳನ್ನು ಪಟ್ಟಿಯ ಮೇಲ್ತುದಿಗೆ ತರುತ್ತದೆ. ಆಗ ಅವು ಯಾವುದರ ಒಳಗಿದ್ದವು ಎಂಬುದೇ ಕಾಣುವುದಿಲ್ಲ. ಪೂರ್ತಿ ದಾರಿ ಬರೆದರೆ ಈ ಗೊಂದಲ ಇಲ್ಲ.

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲು ಡ್ರ್ಯಾಗ್‌ನಿಂದ ಪೇರೆಂಟ್ ಬದಲಾಗದಂತೆ ತಡೆಯಿರಿ, ಸಂದೇಶ ಮತ್ತು ವಾಪಸ್ ಬಟನ್ ಹಾಕಿ. ಹುಡುಕು ಪೆಟ್ಟಿಗೆಯನ್ನು ಒಮ್ಮೆ ಚೆನ್ನಾಗಿ ಮಾಡಿದರೆ ಸರಿಸಲು, ಅಳಿಸಲು, ಆರಿಸಲು ಮೂರಕ್ಕೂ ಬರುತ್ತದೆ. ಆದರೆ ಅದಕ್ಕೂ ಮುಂಚೆ, ಇವತ್ತೇ, ಒಂದು ಕ್ವೆರಿ ಬರೆಯಿರಿ: ತನ್ನದು ‘ಕಾಣಿಸು: ಹೌದು’ ಎಂದಿದ್ದೂ ಮೇಲಿನ ಯಾವುದೋ ಪೇರೆಂಟ್ ಅಡಗಿರುವುದರಿಂದ ಕಾಣದ ಕೆಟಗರಿಗಳು ಯಾವುವು? ಬೇರಿಂಗ್ ಹೀಗೆ ಬಿದ್ದದ್ದು ಗ್ರಾಹಕರು ಹುಡುಕಿದ್ದರಿಂದ ಗೊತ್ತಾಗಿರಬೇಕು. ಅಷ್ಟಾಗಿ ಯಾರೂ ಹುಡುಕದ ಸಾಮಾನು ಇನ್ನೂ ಎರಡು ಮೂರು ಅಲ್ಲೇ ಬಿದ್ದಿರಬಹುದು.